ನನ್ನ ಹಳೇ ಬೆಂಡ್ ಪೈಪ್ ಎಲ್ಲಿ ಹೋತು?

ಬೈಕಿಗೆ ಸೈಲೆನ್ಸರ್ ಹಾಕಿಸಿದ ಅಂಗಡಿಗೆ ಮೂರನೇ ಸರ್ತಿ ಹೋಗಿ ಬಂದೆ. ಮೂರನೇ ಸರ್ತಿನೂ ಅದ ಉತ್ತರ. "ಅದು ಸ್ಕ್ರ್ಯಾಪಿಗೆ ಹೋತ್ರಿ ಸರ. ಹೊಸಾದು ಫ್ರೀ ಹಾಕಿ ಕೊಟ್ಟೇವಲ್ರಿ, ಮತ್ತ್ಯಾಕ ಕೇಳ್ತೀರಿ?"

ಫ್ರೀ ಹಾಕು ಅಂತ ನಾ ಕೇಳಿದ್ನೇನು? ಇಂಜಿನ್ನಿಂದ ಸೈಲೆನ್ಸರಿಗೆ ಹೋಗೂ ಬಾಗಿದ ಪೈಪಿಗೆ ಬೆಂಡ್ ಪೈಪ್ ಅಂತಾರ. ಅದನ್ನ ಮುಟ್ಟಬ್ಯಾಡ್ರಿ ಅಂತ ಬಾಯಿ ಬಿಟ್ಟು ಹೇಳಿದ್ದೆ. ಹಿಂದಿನ ಸೈಲೆನ್ಸರ್ ಒಂದ ಬದಲಿ ಮಾಡ್ರಿ ಅಂದು ಚಾ ಕುಡ್ಯಾಕ ಹೋದಾಂವ, ಇಪ್ಪತ್ತ್ ಮಿನಿಟ್‌ನ್ಯಾಗ ತಿರುಗಿ ಬಂದೇನಿ. ಅಷ್ಟರಾಗ ಇವರು ಇಂಜಿನ್ ಬಾಯಿಂದ ಹಿಡದು ಪೂರಾ ಪೈಪ್ ಬಿಚ್ಚಿ ಬ್ಯಾರೇದು ಹಚ್ಚಿದ್ರು. ನೆಗ್ಗಿದ ಹಳೇ ಸೈಲೆನ್ಸರ್ ಪೇಪರಿನಾಗ ಸುತ್ತಿ ಭಾಳ ಮರ್ಯಾದಿಲೇ ಕೈಯಾಗ ಕೊಟ್ರು. ಬೆಂಡ್ ಪೈಪಿನ ಸುದ್ದಿನ ತಗೀಲಿಲ್ಲ.

ಮೊದಲಿಂದ ಹೇಳ್ತೇನಿ. ನಾ ಮೆಡಿಕಲ್ ರೆಪ್. ಮನಿ ಹುಬ್ಬಳ್ಯಾಗ, ವಾರಕ್ಕ ಎರಡು ದಿನ ಗದಗ, ಒಂದು ದಿನ ಹಾವೇರಿ, ಉಳಿದ ದಿನ ಹುಬ್ಬಳ್ಳಿ-ಧಾರವಾಡ. ಗಾಡಿ 350 ಸಿಸಿ, 2021ರಾಗ ತಗೊಂಡದ್ದು. ಎರಡು ವರ್ಷ ಓವರ್‌ಟೈಮ್ ಮಾಡಿದ ರೊಕ್ಕದ್ದು. ಹೋದ ಮಳಿಗಾಲದಾಗ ಅಣ್ಣಿಗೇರಿ ದಾಟಿ ಹೊಂಟಾಗ, ಟ್ರ್ಯಾಕ್ಟರ್ ಗಾಲಿಗೆ ಹತ್ತಿ ರಸ್ತಾಕ ಬಿದ್ದ ಎರಿ ಮಣ್ಣಿನ ಮ್ಯಾಲ ಗಾಡಿ ಜಾರಿತು. ಆ ಕಡೆ ಓಡಾಡೋರಿಗೆ ಗೊತ್ತೈತಿ, ಒಂದು ಹನಿ ಮಳಿ ಬಿದ್ರ ಸಾಕು, ಎರಿ ಮಣ್ಣು ಬೆಣ್ಣಿ ಆಗ್ತೈತಿ. ನನಗ ಮೊಣಕಾಲು ತರಚಿದ್ದು ಬಿಟ್ರ ಏನೂ ಆಗ್ಲಿಲ್ಲ. ಸೈಲೆನ್ಸರಿನ ತುದಿ ಮಾತ್ರ ನೆಗ್ಗಿ, ಅದನ್ನ ಹಿಡದಿದ್ದ ಪಟ್ಟಿ ಸೀಳು ಬಿಡ್ತು. ಶೋರೂಮಿನಾಗ ಒರಿಜಿನಲ್ ಕೇಳಿದೆ. ಆರ್ಡರ್ ಹಾಕಬೇಕು, ಮೂರು ವಾರ ಕಾಯ್ರಿ ಅಂದ್ರು. ನನಗ ಮೂರು ದಿನ ಕಾಯೂದೂ ಸಾಧ್ಯ ಇರ್ಲಿಲ್ಲ. ಹಿಂಗಾಗಿ ಹೊರಗಿನ ಸೈಲೆನ್ಸರ್ ನೋಡಾಕ ಹೊಂಟೆ.

ನನಗ ಬೇಕಾಗಿದ್ದು ಇಷ್ಟ. ನನ್ನ ಗಾಡಿಗೆ ಸರಿ ಕೂಡಬೇಕು, ತುಕ್ಕು ಹಿಡೀಬಾರದು, ದನಿ ಕಂಪನಿದರಷ್ಟ ಇರಬೇಕು. ಸ್ವಲ್ಪ ಗಡಸು ಆದ್ರೂ ನಡೀತೈತಿ, ಆದ್ರ ದವಾಖಾನಿ ಮುಂದ ನಿಂದ್ರಿಸಿದ್ರ ಯಾರೂ ತಿರುಗಿ ನೋಡಬಾರದು. ಹುಬ್ಬಳ್ಯಾಗ ನಾಕು ಅಂಗಡಿ ಅಡ್ಡಾಡಿದೆ, ಧಾರವಾಡದಾಗ ಎರಡು. ಗ್ವಾಡಿ ತುಂಬ ಸೈಲೆನ್ಸರ್ ತೂಗಹಾಕ್ಯಾರ. ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಡಾಲ್ಫಿನ್, ಮೆಗಾಫೋನ್, ವೈಲ್ಡ್ ಬೋರ್, ಇಂದೋರಿ, ಪಂಜಾಬ್. ಹೆಸರಿಗೇನ್ ಕಡಿಮಿ ಇಲ್ಲ. "ಅಣ್ಣಾರ, ಇದರಾಗ ದನಿ ಕಡಿಮಿ ಇದ್ದದ್ದು ಯಾವುದು?" ಅಂತ ಕೇಳಿದ್ರ, ಆರೂ ಅಂಗಡ್ಯಾಗ ನನ್ನ ಮಾರಿನ ನೋಡಿದ್ರು. ಒಬ್ಬಾಂವ ಮೊಬೈಲ್ ತಗದು ವಿಡಿಯೋ ಹಚ್ಚಿ ನನ್ನ ಕಿವಿಗೆ ಹಿಡದ. "ಬೇಸ್ ಕೇಳ್ರಿ ಸರ, ಬೇಸ್!" ಗಾಡಿ ಯಾವ ವರ್ಷದ್ದು, ಸೆನ್ಸರ್ ಎಲ್ಲಿ ಬರ್ತೈತಿ ಅಂತ ಒಬ್ಬರೂ ಕೇಳ್ಲಿಲ್ಲ. ಸಾವಿರಾರು ರೂಪಾಯಿ ಸಾಮಾನು ಮಾರಾಂವಗ ತಾ ಮಾರೂದು ಏನು ಅಂತ ಗೊತ್ತಿರಬ್ಯಾಡೇನು?

ಇನ್ನ ಲೋಹದ ವಿಷಯ. ಎಲ್ಲಾರೂ "304 ಸ್ಟೀಲ್ ಸರ, ಜೀವಮಾನ ತುಕ್ಕು ಹಿಡ್ಯಂಗಿಲ್ಲ" ಅಂತಾರ. 304 ಅಂದ್ರ ಸ್ಟೇನ್‌ಲೆಸ್ ಸ್ಟೀಲಿನ ಒಂದು ಜಾತಿ, ಅದಕ್ಕ ಅಯಸ್ಕಾಂತ ಗಟ್ಟಿ ಹಿಡೀಬಾರದು. ನಾ ಫ್ರಿಜ್ ಬಾಗಿಲಿಗೆ ಅಂಟಿಸೂ ಅಯಸ್ಕಾಂತ ಕಿಸೆದಾಗ ಒಯ್ದಿದ್ದೆ. ಎರಡು ಅಂಗಡ್ಯಾಗ ಟಪ್ಪಂತ ಅಂಟಿಕೊಂಡ್ತು. ಅಯಸ್ಕಾಂತ ಹಿಡಿಯೂ ಸ್ಟೇನ್‌ಲೆಸ್ಸೂ ಅದಾವ, ಕಂಪನಿ ಸೈಲೆನ್ಸರಿಗೆ 409 ಅನ್ನೂ ಜಾತಿ ಬಳಸ್ತಾರ, ಅದು ಕೆಟ್ಟದ್ದೇನಲ್ಲ. ಆದ್ರ 304 ಅಂತ ಹೇಳಿ 304ರ ರೊಕ್ಕ ತಗೊಂಡು ಕ್ರೋಮ್ ಬಳದ ಸಾದಾ ಕಬ್ಬಿಣ ಕೊಟ್ರ ಅದಕ್ಕ ಏನಂತಾರ? ಇನ್ನೊಂದು ಕಡೆ ಸ್ಲೊವೇನಿಯಾದ ಅಕ್ರಾಪೊವಿಚ್ ಹೆಸರು ಕೊರದ ಪೈಪ್ 2,500 ರೂಪಾಯಿಗೆ ಇಟ್ಟಿದ್ರು. ಆ ಕಂಪನಿಯ ಅಸಲಿ ಮಾಲಿಗೆ ಹತ್ತಾರು ಸಾವಿರ ಆಗ್ತೈತಿ. ನಕಲಿ ಅಲ್ಲೇನ್ರಿ ಇದು ಅಂದ್ರ, "ಸೇಮ್ ಕ್ವಾಲಿಟಿ ಸರ" ಅಂದ.

ಕಡೀಕ ಒಂದು ಅಂಗಡ್ಯಾಗ, ಒಳಗ ಡಿಬಿ ಕಿಲ್ಲರ್ ಇದ್ದ ಒಂದು ಸೈಲೆನ್ಸರ್ ಒಪ್ಪಿದೆ. 5,500 ರೂಪಾಯಿ, ಕೂಲಿ 300. ಡಿಬಿ ಕಿಲ್ಲರ್ ಅಂದ್ರ ದನಿ ಇಳಿಸಾಕ ಸೈಲೆನ್ಸರಿನ ಬಾಯಿಗೆ ತುರುಕೂ ಸಣ್ಣ ಕೊಳವಿ, ಒಂದ ಒಂದು ಬೋಲ್ಟಿನ ಮ್ಯಾಲ ನಿಂತಿರ್ತೈತಿ. ಫಿಟ್ ಮಾಡಿ ಮುಗಿಸಿದಾಗ ಅದು ಸೈಲೆನ್ಸರಿನ ಒಳಗ ಇರ್ಲಿಲ್ಲ, ಹುಡುಗನ ಅಂಗೈಯಾಗ ಇತ್ತು. "ಬೇಕಾದ್ರ ಆಮ್ಯಾಲ ಹಾಕ್ಕೋರಿ ಸರ" ಅಂದ. ಬೇಕಾದ್ರ! ಅದು ಇದ್ದದ್ದಕ್ಕ ನಾ ಆ ಸೈಲೆನ್ಸರ್ ಆರಿಸಿದ್ದು. ಅಲ್ಲೇ ನಿಂತು ಹಾಕಿಸಿಕೊಂಡೆ. ಬಿಲ್ ಕೇಳಿದೆ. ಬುಕ್ ಮುಗದೈತಿ, ನಾಳೆ ಬರ್ರಿ ಅಂದ್ರು.

ಮರುದಿನ ಮುಂಜಾನಿ ನವನಗರ ದಾಟೂದ್ರಾಗ ಮೀಟರಿನಾಗ ಇಂಜಿನ್ನಿನ ಹಳದಿ ದೀಪ ಹತ್ತಿತು. ಆಕ್ಸಿಲರೇಟರ್ ಬಿಟ್ರ ಸಾಕು, ಹಿಂದ ಪಟ್ ಪಟ್ ಪಟಾರ್ ಅಂತ ಪಟಾಕಿ. ಸಿಗ್ನಲ್ಲಿನಾಗ ನಿಂತ್ರ ಕಣ್ಣು ಉರ್ಯಾಕ ಹತ್ತಿದ್ವು, ಹಸಿ ಪೆಟ್ರೋಲಿನ ವಾಸನಿ ಮೂಗಿಗೆ ಬಡಿತಿತ್ತು. ಲೀಟರಿಗೆ 36 ಕೊಡ್ತಿದ್ದ ಗಾಡಿ ಆ ವಾರ 29ಕ್ಕ ಇಳಿತು. ಹೊಸಾ ಸೈಲೆನ್ಸರ್, ಹೊಂದಿಕೊಳ್ಳಾಕ ಟೈಮ್ ಬೇಕಾಗಬಹುದು ಅಂತ ಎಂಟು ದಿನ ಸುಮ್ಮನಿದ್ದೆ.

ಆ ಎಂಟು ದಿನದಾಗ ಗದಗಿನ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದೆ. ನಾಕು ವರ್ಷದಿಂದ ಹೋಗೂ ಜಾಗ. ಗೇಟಿನ ಹತ್ರ ಆಕ್ಸಿಲರೇಟರ್ ಬಿಟ್ಟೆ, ಪಟಾರ್ ಅಂತು. ವರಾಂಡದಾಗ ಒಬ್ಬಾಕಿ ಆಯಿ, ಎರಡು ದಿನದ್ದೋ ಮೂರು ದಿನದ್ದೋ ಕೂಸು, ಹಳೇ ಕಾಟನ್ ಸೀರಿಯಾಗ ಸುತ್ತಿ ತೊಡಿ ಮ್ಯಾಲ ಮಲಗಿಸಿಕೊಂಡು ಬಿಸಿಲಿಗೆ ಕುಂತಿದ್ಲು. ಕೂಸು ಮೈಯೆಲ್ಲ ಅದುರಿ ಎರಡೂ ಕೈ ಮ್ಯಾಲೆತ್ತಿತು. ಆಕಿ ಬೈಲಿಲ್ಲ. ಕೂಸಿನ ಕಿವಿ ಮ್ಯಾಲ ಅಂಗೈ ಇಟ್ಟು ನನ್ನ ನೋಡಿದ್ಲು, ಅಷ್ಟ. ದವಾಖಾನಿ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಹಗಲಿಗೆ 50 ಡೆಸಿಬಲ್, ರಾತ್ರಿ 40, ಅದು ನನಗ ಗೊತ್ತಿಲ್ಲದ್ದೇನಲ್ಲ, ನನ್ನ ಕೆಲಸನ ದವಾಖಾನಿ ಅಡ್ಡಾಡೂದು. ಆವತ್ತಿಂದ ಆ ಓಣಿ ತಿರುವಿನಾಗ ಇಂಜಿನ್ ಬಂದ್ ಮಾಡಿ ಗಾಡಿ ದಬ್ಬಿಕೊಂಡು ಹೊಂಟೆ. 190 ಕಿಲೋದ ಮ್ಯಾಲಿನ ಗಾಡಿ, ಹೆಗಲಿಗೆ ಸ್ಯಾಂಪಲ್ ಚೀಲ.

ಕಡೀಕ ನಮ್ಮ ಓಣಿ ಮಿಸ್ತ್ರಿ ಚಾಚಾರ ಹಂತ್ಯಾಕ ಹೋದೆ. ಅವರು ಗಾಡಿ ಸ್ಟ್ಯಾಂಡ್ ಹಾಕಿ, ಬಗ್ಗಿ, ಟಾರ್ಚ್ ಬಿಟ್ಟು ನೋಡಿ, ಏನೂ ಮಾತಾಡ್ಲಿಲ್ಲ. ನನ್ನ ಕೈ ಹಿಡದು ಕೆಳಗ ಕುಂದ್ರಿಸಿ ತೋರಿಸಿದ್ರು. ಆಕ್ಸಿಜನ್ ಸೆನ್ಸರ್ ಪೈಪಿನಾಗ ಇರ್ಲಿಲ್ಲ. ಫ್ರೇಮಿಗೆ ಕೇಬಲ್ ಟೈ ಹಾಕಿ ಕಟ್ಟಿದ್ರು, ಗಾಳ್ಯಾಗ ಜೋತಾಡ್ತಿತ್ತು. ಅದರ ತುದಿಗೆ ಎರಿ ಮಣ್ಣು ಮೆತ್ತಿ ಒಣಗಿತ್ತು. ಹೊಗಿಯೊಳಗ ಎಷ್ಟು ಆಕ್ಸಿಜನ್ ಉಳದೈತಿ ಅಂತ ನೋಡಿ ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಇಸಿಯುಗೆ, ಅಂದ್ರ ಇಂಜಿನ್ ನಡಸೂ ಕಂಪ್ಯೂಟರಿಗೆ, ಹೇಳೂ ಸಾಮಾನದು. ಅದನ್ನ ಹೊರಗ ಗಾಳ್ಯಾಗ ತೂಗಹಾಕಿದ್ರ ಗಾಡಿ ಏನು ತಿಳ್ಕೋಬೇಕು? ಇವರು ಹಚ್ಚಿದ ಬೆಂಡ್ ಪೈಪಿಗೆ ಸೆನ್ಸರ್ ತಿರುಗಿಸೂ ತೂತ ಇರ್ಲಿಲ್ಲ. ಇಂಜಿನ್ ಬಾಯಿಗೆ ಹಳೇ ಗ್ಯಾಸ್ಕೆಟ್ಟನ್ನ ತಿರುಗಿ ಹಾಕಿದ್ರು, ಸುತ್ತ ಮಸಿ ಕಾರಿತ್ತು. ಆ ಸಂದಿನ್ಯಾಗ ಹೊರಗಿನ ಗಾಳಿ ಎಳಕೊಂಡು, ಉರೀದ ಉಳದ ಪೆಟ್ರೋಲ್ ಪೈಪಿನಾಗ ಸಿಡೀತಿತ್ತು. ಆ ಪಟಾಕಿ ಅದು.

ಆಮ್ಯಾಲ ಚಾಚಾ ಕೇಳಿದ್ರು, "ಬೇಟಾ, ಕ್ಯಾಟ್ ಎಲ್ಲೈತಿ?"

ಇಲ್ಲೇ ನನಗ ಹೊಟ್ಟ್ಯಾಗ ಬೆಂಕಿ ಬಿದ್ದದ್ದು. 2020ರ ಏಪ್ರಿಲ್ 1ರಿಂದ ಮಾರಿದ ಗಾಡಿ ಎಲ್ಲಾ ಬಿಎಸ್ 6, ಅಂದ್ರ ಹೊಗಿ ಮಿತಿಯ ಬಿಗಿ ನಿಯಮಕ್ಕ ಒಳಪಟ್ಟಾವ. ನನ್ನ ಗಾಡಿಯ ಬೆಂಡ್ ಪೈಪಿನಾಗ ಉಬ್ಬಿದ ಒಂದು ಭಾಗ ಇತ್ತು, ಅದರೊಳಗ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನಂಗ ಸಣ್ಣ ಸಣ್ಣ ತೂತ, ಅದಕ್ಕ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್‌ನಂಥಾ ಲೋಹದ ತೆಳು ಲೇಪ. ಕಾರ್ಬನ್ ಮೊನಾಕ್ಸೈಡ್‌ನಂಥಾ ವಿಷದ ಹೊಗಿ ಅದನ್ನ ಹಾದು ಬರೂದ್ರಾಗ ವಿಷ ಕಳಕೊಂತೈತಿ. ಆ ಲೋಹಕ್ಕ ಸ್ಕ್ರ್ಯಾಪಿನವರು ರೊಕ್ಕ ಎಣಿಸಿ ಕೊಡ್ತಾರ. ಕ್ರೋಮ್ ಹಚ್ಚಿದ ಖಾಲಿ ಪೈಪ್ ಒಂದನ್ನ ನನಗ ಫ್ರೀ ಹಾಕಿದ್ದು ಯಾಕ ಅಂತ ಆವಾಗ ತಿಳೀತು. ನಾ ಕೊಟ್ಟ 5,500ರ ಮ್ಯಾಲ, ನನ್ನ ಗಾಡಿಯೊಳಗಿನ ತುಟ್ಟಿ ಸಾಮಾನು ನನ್ನ ಕಣ್ಣು ತಪ್ಪಿಸಿ ಬಿಚ್ಚಿಕೊಂಡ್ರು. ಇದಕ್ಕ ನಮ್ಮ ಕಡೆ ಕಳವು ಅಂತಾರ. ಬ್ಯಾರೆ ಹೆಸರು ನನಗ ಗೊತ್ತಿಲ್ಲ.

ಸಿಟ್ಟು ನೆತ್ತಿಗೇರೂದು ಇನ್ನೊಂದು ಕಾರಣಕ್ಕ. ಪೊಲೀಸರು ಹಿಡದ್ರ ಯಾರನ್ನ ಹಿಡೀತಾರ? ನನ್ನ. ಗಾಡಿಯ ಮೂಲ ರೂಪ ಬದಲಿ ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳ್ತೈತಿ. ಬದಲಿ ಮಾಡಿದ ಮಾಲಕಗ 182ಎ ಪ್ರಕಾರ ಒಂದೊಂದು ಬದಲಾವಣಿಗೆ 5,000 ದಂಡ, ಇಲ್ಲಾಂದ್ರ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಸಪ್ಪಳ, ಹೊಗಿ ಮಿತಿ ಮೀರಿದ್ರ 190ರ ಪ್ರಕಾರ 10,000ದ ತನಕ ದಂಡ, ಇಲ್ಲಾಂದ್ರ ಮೂರು ತಿಂಗಳ ತನಕ ಜೈಲು, ಇಲ್ಲಾ ಎರಡೂ, ಮ್ಯಾಲ ಮೂರು ತಿಂಗಳು ಲೈಸನ್ಸ್ ರದ್ದು. ಮೂರು ತಿಂಗಳು ಲೈಸನ್ಸ್ ಇಲ್ಲಂದ್ರ ನನ್ನ ನೌಕರಿ ಹೋತಂತ ತಿಳೀರಿ. ರಸ್ತಾದಾಗ ಸೈಲೆನ್ಸರ್ ಹಾಸಿ ರೋಡ್ ರೋಲರ್ ಹೊಡೆಯೂ ಫೋಟೋ ಪೇಪರಿನಾಗ ನೋಡೇವಿ, ಚಲೋ ಕೆಲಸ, ಮಾಡ್ಲಿ. ಆದ್ರ ಅದ ದಿನ ಸಂಜಿಕ ಅಂಗಡಿ ಗ್ವಾಡಿಗೆ ಹೊಸಾ ಸೈಲೆನ್ಸರ್ ತೂಗಾಡ್ತಾವ. ಹಚ್ಚಿಸಿಕೊಂಡಾಂವಗ ದಂಡ, ಹಚ್ಚಿದಾಂವಗ ಮುಂದಿನ ಗಿರಾಕಿ. ಮಾರೂ ಮುಂದ "ಸರ, ಇದು ಹಚ್ಚಿದ್ರ ನಿಮಗ ಕೇಸ್ ಆಗ್ತೈತಿ" ಅಂತ ಒಬ್ಬನರ ಹೇಳ್ಯಾನೇನು?

ನಮ್ಮ ಗೆಳೆಯಾರು ಕೆಲವರು ಹೇಳ್ತಾರ, ಬುಲೆಟ್ ಅಂದ ಮ್ಯಾಲ ಸೌಂಡ್ ಇರಬೇಕಪಾ ಅಂತ. ಅಪ್ಪನ ಹಂತ್ಯಾಕ ಹಳೇ 350 ಇತ್ತು, ಅದರ ಹಿಂದ ಕುಂತು ನಾ ಶಾಲಿಗೆ ಹೋಗೇನಿ. ಆ ಡುಬ್ ಡುಬ್ ನನಗೂ ಜೀವ. ಅದು ಸೈಲೆನ್ಸರ್ ಒಡದು ಬಂದ ದನಿ ಅಲ್ಲ. 70 ಮಿಲಿಮೀಟರ್ ಅಗಲದ ಸಿಲಿಂಡರಿನಾಗ ಪಿಸ್ಟನ್ 90 ಮಿಲಿಮೀಟರ್ ಏರಿ ಇಳೀತಿತ್ತು, ಐಡಲಿಂಗಿನಾಗ ಸಾವಕಾಶ ಒಂದೊಂದ ಏಟು ಬೀಳ್ತಿತ್ತು. ಉದ್ದನ್ನ ಸೈಲೆನ್ಸರ್ ಹೊತ್ತುಕೊಂಡ ಆ ಗಾಡಿ ಹಂಗ ಮಾತಾಡ್ತಿತ್ತು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದ್ರ ಮನಿಯೊಳಗಿನವ್ರಿಗೆ ಗೊತ್ತಾಗ್ತಿತ್ತು, ಬಾಜು ಮನಿಯವ್ರಿಗೆ ನಿದ್ದಿ ಕೆಡ್ತಿರ್ಲಿಲ್ಲ. ಈಗ ವಿದ್ಯಾನಗರದಾಗ ರಾತ್ರಿ ಹನ್ನೊಂದಕ್ಕ ಕಿಮ್ಸ್ ದವಾಖಾನಿ ಮುಂದ ಗ್ಯಾಸ್ ಹೊಡಕೊಂತ ಹೋಗ್ತಾವಲ್ಲ ಹುಡುಗರು, ಅದು ಬುಲೆಟ್ ದನಿ ಅಲ್ಲ. ಒಳಗಿನ ಪರದೆ ಎಲ್ಲಾ ಕಿತ್ತು ಗ್ಲಾಸ್ ವೂಲ್ ಸುಟ್ಟು ಹೋದ ಖಾಲಿ ಡಬ್ಬಿ ಒದರೂದು. 175 ಸಿಸಿ ಮ್ಯಾಲಿನ ಗಾಡಿ ಕಂಪನಿಯಿಂದ ಹೊರಗ ಬರೂ ಮುಂದ 80 ಡೆಸಿಬಲ್ ದಾಟಬಾರದು ಅಂತ ಮಿತಿ ಐತಿ. 10 ಡೆಸಿಬಲ್ ಏರಿದ್ರ ನಮ್ಮ ಕಿವಿಗೆ ಹತ್ರ ಹತ್ರ ಎರಡು ಪಟ್ಟು ಕೇಳ್ತೈತಿ. ಒಳಗ ಆಪರೇಷನ್ ಆಗಿ ಮಲಗಿದಾರಿಗೆ ಇದು ಲೆಕ್ಕ ಹಾಕಿ ಹೇಳಬೇಕಾಗಿಲ್ಲ.

ಈಗ ಗಾಡಿ ಚಾಚಾರ ಅಂಗಡ್ಯಾಗ ನಿಂತೈತಿ. ಒರಿಜಿನಲ್ ಬೆಂಡ್ ಪೈಪ್, ಗ್ಯಾಸ್ಕೆಟ್, ಸೈಲೆನ್ಸರ್ ಮೂರೂ ಶೋರೂಮಿನಾಗ ಆರ್ಡರ್ ಹಾಕೇನಿ. ಮೊದಲ ದಿನ ಕಾಯ್ರಿ ಅಂದಿದ್ದ ಆ ಮೂರು ವಾರನ ಈಗ ಕಾಯಾಕ ಹತ್ತೇನಿ, ರೊಕ್ಕ ಎರಡು ಪಟ್ಟಿನ ಮ್ಯಾಲ ಹೋಗೈತಿ. ಗದಗಿಗೆ ಬಸ್ಸಿನಾಗ ಹೊಂಟೇನಿ, ದಿನಕ್ಕ ನಾಕು ಡಾಕ್ಟರ್ ತಪ್ಪಾಕ ಹತ್ಯಾರ.

ಗಾಡಿ ಬಿದ್ದ ದಿನ ಇನ್ಶೂರೆನ್ಸಿಗೆ ಅಂತ ರಸ್ತಾದ ಬಾಜುಕ ನಿಂತು ತಗದ ಫೋಟೋ ಮೊಬೈಲಿನಾಗ ಐತಿ. ನಂಬರ್ ಪ್ಲೇಟ್ ಕಾಣ್ತೈತಿ, ಬೆಂಡ್ ಪೈಪಿನ ಉಬ್ಬು ಕಾಣ್ತೈತಿ, ಸೆನ್ಸರಿನ ವೈರ್ ಪೈಪಿನೊಳಗ ಹೋಗಿದ್ದೂ ಕಾಣ್ತೈತಿ. ನಿನ್ನೆ ಅದನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸೇನಿ. ಜೊತಿಗೆ ಅಂಗಡಿಗೆ ರೊಕ್ಕ ಕಳಿಸಿದ ಫೋನ್‌ಪೇ ರಶೀದಿ. ಶನಿವಾರ ಎರಡನ್ನೂ ತಗೊಂಡು ನಾಕನೇ ಸರ್ತಿ ಹೊಂಟೇನಿ, ಚಾಚಾನೂ ಜೋಡಿ ಬರ್ತೇನಿ ಅಂದಾರ. ಪೈಪ್ ಕೊಡ್ಲಿಲ್ಲಂದ್ರ ಅಲ್ಲಿಂದ ಸೀದಾ ಪೊಲೀಸ್ ಸ್ಟೇಷನ್ನಿಗೆ, ಅಲ್ಲಿಂದ ಗ್ರಾಹಕರ ಆಯೋಗಕ್ಕ. ನಿಮ್ಮ ಗಾಡಿಗೂ ಯಾರರ ಬೆಂಡ್ ಪೈಪ್ ಫ್ರೀ ಹಾಕಿ ಕೊಟ್ಟಿದ್ರ, ಇವತ್ತ ಬಗ್ಗಿ ಒಂದ್ಸಲ ಕೆಳಗ ನೋಡ್ರಿ, ಸೆನ್ಸರ್ ಎಲ್ಲಿ ಕಟ್ಯಾರ ಅಂತ.