ಮೂವತ್ತೈದಕ್ಕೇ ಮುದುಕರಾ?

2025ರ ಜುಲೈ 14. ಲಾರ್ಡ್ಸ್ ಟೆಸ್ಟ್‌ನಲ್ಲಿ ಸಿರಾಜ್ ಬೌಲ್ಡ್ ಆಗಿ ಭಾರತ ಇಂಗ್ಲೆಂಡ್ ಎದುರು 22 ರನ್‌ಗಳಿಂದ ಸೋತು ಹತ್ತು ನಿಮಿಷವೂ ಆಗಿರಲಿಲ್ಲ. ದಾವಣಗೆರೆಯಿಂದ ತಮ್ಮನ ಫೋನ್. "ಅಣ್ಣಾ, ಜಡೇಜಾದು ಮುಗೀತು ಬಿಡು. ಮೂವತ್ತಾರು ಆಯ್ತು. ಇನ್ನೂ ಎಷ್ಟು ದಿನ ಅಂತ ಕುಟುಕ್ತಾ ನಿಲ್ತಾನೆ? ಹುಡುಗ್ರಿಗೆ ಜಾಗ ಬಿಡ್ಬೇಕು."

ಮನಸ್ಸಿಗೆ ಚುರುಕ್ಕೆಂದಿತು. 193 ಹೊಡೆಯಬೇಕಿದ್ದ ಆಟದಲ್ಲಿ 112ಕ್ಕೆ ಎಂಟು ವಿಕೆಟ್ ಹೋಗಿದ್ದವು. ಒಂದು ತುದಿಯಲ್ಲಿ ಬೂಮ್ರಾ 54 ಎಸೆತ ತಡೆದರು, ಸಿರಾಜ್ 30. ಇನ್ನೊಂದು ತುದಿಯಲ್ಲಿ ಜಡೇಜಾ 181 ಎಸೆತ ಆಡಿ 61 ರನ್ ಮಾಡಿ ಔಟಾಗದೆ ಉಳಿದರು. ಕೊನೆಯವರೆಗೂ ನಿಂತವನೇ ಸಾಕಾದನಾ ನಮಗೆ?

ಸಂಜೆ ಕಸದ ಡಬ್ಬ ಹೊರಗಿಡಲು ಹೋದಾಗ ಪಕ್ಕದ ಮನೆಯ ಹಿರಿಯರು ಸಿಕ್ಕರು. ನಾನಿರುವುದು ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ಅವರು ಇಲ್ಲಿನ ಕೆಂಟ್ ಕೌಂಟಿ ಕ್ರಿಕೆಟ್ ಕ್ಲಬ್ಬಿನ ಹಳೇ ಸದಸ್ಯರು. 2000ದಲ್ಲಿ ನಮ್ಮ ದ್ರಾವಿಡ್ ಕೆಂಟ್‌ಗೆ ಆಡಿದ್ದನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. "ಪಾಪ, ಜೊತೆಗೆ ಇನ್ನೊಬ್ಬ ಸಿಕ್ಕಿದ್ದರೆ ಗೆಲ್ಲಿಸಿಬಿಡುತ್ತಿದ್ದ" ಅಂದರು. ಅಷ್ಟೇ. ವಯಸ್ಸಿನ ಮಾತೇ ಬರಲಿಲ್ಲ.

ಬರುವುದು ಹೇಗೆ? ಅವರು ಡ್ಯಾರೆನ್ ಸ್ಟೀವನ್ಸ್‌ನ ನೋಡಿದವರು.

ಸ್ಟೀವನ್ಸ್ ಇಂಗ್ಲೆಂಡ್ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. 2005ರಲ್ಲಿ ಲೆಸ್ಟರ್‌ಶೈರ್ ಬಿಟ್ಟು ಕೆಂಟ್‌ಗೆ ಬಂದಾಗ ಅವರು ಮುಖ್ಯವಾಗಿ ಬ್ಯಾಟ್ಸ್‌ಮನ್. ಮೂವತ್ತೈದರ ನಂತರವೇ ಅವರ ಬೌಲಿಂಗ್ ರಂಗೇರಿದ್ದು. ವೇಗ ಅಂತ ಏನೂ ಇಲ್ಲ. ಸುಮ್ನೆ ನಾಲ್ಕು ಹೆಜ್ಜೆ ಓಡಿ ಬಂದ ಹಾಗೆ ಕಾಣುತ್ತದೆ, ಚೆಂಡು ಸೀಮ್ ಮೇಲೆ ಬಿದ್ದು ಇಷ್ಟೇ ಇಷ್ಟು ಆಚೀಚೆ ಆಗುತ್ತದೆ. ಕಾಲಿಗೆ ಬಡಿದು ಬ್ಯಾಟ್ಸ್‌ಮನ್ ಎಲ್‌ಬಿ ಔಟ್. ಏಪ್ರಿಲ್ ಚಳಿಯಲ್ಲಿ, ಪಿಚ್‌ನ ತೇವ ಇನ್ನೂ ಆರದಿದ್ದಾಗ, ಅವರನ್ನು ಆಡುವುದು ನರಕ.

2019ರ ಸೆಪ್ಟೆಂಬರ್‌ನಲ್ಲಿ ಅವರಿಗೆ 43 ವರ್ಷ. ಹೆಡಿಂಗ್ಲಿಯಲ್ಲಿ ಯಾರ್ಕ್‌ಶೈರ್ ಮೇಲೆ ಕೆಂಟ್ 39ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಸ್ಟೀವನ್ಸ್ 237 ಹೊಡೆದರು. ಸ್ಯಾಮ್ ಬಿಲ್ಲಿಂಗ್ಸ್ ಜೊತೆ 346 ರನ್ ಸೇರಿಸಿದರು. ಆಮೇಲೆ ಚೆಂಡು ಹಿಡಿದು 20 ರನ್‌ಗೆ ಐದು ವಿಕೆಟ್ ತೆಗೆದರು.

2021ರ ಮೇ ತಿಂಗಳ ಆಟವನ್ನು ನಾನು ಇಲ್ಲೇ ಕೂತು ನೋಡಿದೆ. ಕೋವಿಡ್ ಆದ ಮೇಲೆ ಮೈದಾನಕ್ಕೆ ಜನರನ್ನು ಆಗಷ್ಟೇ ಬಿಡತೊಡಗಿದ್ದರು. ಗ್ಲಾಮೊರ್ಗನ್ ಎದುರು ಕೆಂಟ್ 128ಕ್ಕೆ ಎಂಟು. ಒಂಬತ್ತನೇ ವಿಕೆಟ್‌ಗೆ 166 ರನ್ ಬಂತು. ಅದರಲ್ಲಿ 160 ಸ್ಟೀವನ್ಸ್‌ದು, ಜೊತೆಗಾರ ಮಿಗೆಲ್ ಕಮಿನ್ಸ್‌ದು ಒಂದೇ ಒಂದು ರನ್. ಸ್ಟೀವನ್ಸ್ ಹೊಡೆದದ್ದು ಒಟ್ಟು 190, ಹದಿನೈದು ಸಿಕ್ಸರ್. ಆಸ್ಟ್ರೇಲಿಯಾದ ಲಬುಶೇನ್ ಅಂಥವರನ್ನೂ ಆ ಪಂದ್ಯದಲ್ಲೇ ಎಲ್‌ಬಿ ಮಾಡಿ ಕಳಿಸಿದರು. ಮಡಚುವ ಕುರ್ಚಿ, ಫ್ಲಾಸ್ಕ್‌ನಲ್ಲಿ ಚಹಾ, ಕಾಲ ಮೇಲೆ ಕಂಬಳಿ ಇಟ್ಟುಕೊಂಡು ಕೂತಿದ್ದ ಅಜ್ಜಂದಿರೆಲ್ಲ ಎದ್ದು ನಿಂತರು. ನನ್ನ ಕಣ್ಣು ತುಂಬಿತು. 45 ವರ್ಷದವನಿಗೆ ಇಷ್ಟು ಮರ್ಯಾದೆ ಸಿಗುವ ಮೈದಾನದಲ್ಲಿ ಕೂತಿದ್ದೀನಲ್ಲ ಅನ್ನಿಸಿತು.

ಮತ್ತೆ ತಕ್ಷಣ ನೆನಪಾಗಿದ್ದು ನಮ್ಮ ಕರ್ನಾಟಕದ ಆಲ್‌ರೌಂಡರ್ ಸ್ಟುವರ್ಟ್ ಬಿನ್ನಿ.

ಬಿನ್ನಿಯದೂ ಅದೇ ಥರದ ಬೌಲಿಂಗ್. ವೇಗ ಕಡಿಮೆ, ತಲೆ ಜಾಸ್ತಿ. 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶ ಎದುರಿನ ಏಕದಿನ ಪಂದ್ಯದಲ್ಲಿ ಭಾರತ ಬರೀ 105ಕ್ಕೆ ಔಟಾಗಿತ್ತು. ಆವತ್ತು ಬಿನ್ನಿ 4 ರನ್‌ಗೆ 6 ವಿಕೆಟ್ ತೆಗೆದು ಗೆಲ್ಲಿಸಿದರು, ಏಕದಿನದಲ್ಲಿ ಭಾರತದ ಪರ ಕುಂಬ್ಳೆಯ 12ಕ್ಕೆ 6 ದಾಖಲೆ ಮುರಿದರು. ಮುಂದಿನ ತಿಂಗಳೇ ಇಂಗ್ಲೆಂಡಿನ ಟ್ರೆಂಟ್ ಬ್ರಿಜ್‌ನಲ್ಲಿ ಅವರ ಮೊದಲ ಟೆಸ್ಟ್, 78 ರನ್ ಹೊಡೆದು ಪಂದ್ಯ ಉಳಿಸಿಕೊಟ್ಟರು. ಕರ್ನಾಟಕ 2013-14 ಮತ್ತು 2014-15ರಲ್ಲಿ ಸಾಲಾಗಿ ಎರಡು ಸಲ ರಣಜಿ ಗೆದ್ದ ತಂಡದಲ್ಲಿದ್ದರು. ಅಂಥವರು 2019ರಲ್ಲಿ, 35ನೇ ವಯಸ್ಸಿಗೆ, ನಾಗಾಲ್ಯಾಂಡ್ ಸೇರಿದರು. ಆ ಎರಡೂ ರಣಜಿ ಗೆದ್ದ ನಾಯಕ ವಿನಯ್ ಕುಮಾರ್ ಅದೇ ವರ್ಷ ಪುದುಚೇರಿಗೆ ಹೋದರು. ಊರಿನ ಗೆಳೆಯರು ಏನಂದರು ಗೊತ್ತಾ? "ಹೋಗ್ಲಿ ಬಿಡು, ವಯಸ್ಸಾಗಿತ್ತು."

ಅರವತ್ತಕ್ಕೆ ಅರಳು ಮರಳು ಅಂತಾರೆ. ಕ್ರಿಕೆಟ್‌ನಲ್ಲಿ ನಾವು ಮೂವತ್ತೈದಕ್ಕೇ ಆ ಮಾತು ಹೇಳಿ ಮುಗಿಸುತ್ತೇವೆ. ಇಲ್ಲಿನವರು ಮೊದಲು ಪಿಚ್ ನೋಡುತ್ತಾರೆ, ಮೋಡ ನೋಡುತ್ತಾರೆ, ಇವತ್ತು ಈ ಮನುಷ್ಯ ಬೇಕಾ ಅಂತ ಕೇಳುತ್ತಾರೆ. ನಾವು ಮೊದಲು ಹುಟ್ಟಿದ ವರ್ಷ ಕೇಳುತ್ತೇವೆ. ಆಲ್‌ರೌಂಡರ್ ವಿಷಯದಲ್ಲಿ ಇದು ಇನ್ನೂ ದೊಡ್ಡ ತಪ್ಪು. ಅವನ ಬ್ಯಾಟ್ ಸ್ವಲ್ಪ ಸೊರಗಿದರೂ ಬೌಲಿಂಗ್‌ನ ಕೈಚಳಕ ಉಳಿದಿರುತ್ತದೆ. ಕೈ ಸೋತ ದಿನ ಬ್ಯಾಟ್ ಕಾಯುತ್ತದೆ. ಎರಡನ್ನೂ ಕೂಡಿಸಿ ನೋಡಬೇಕು, ಅಲ್ವಾ?

ಈ ಮಾತನ್ನು ಪಕ್ಕದ ಮನೆಯವರ ಮುಂದೆ ಉತ್ಸಾಹದಿಂದ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. 2019ರಲ್ಲಿ ಕೆಂಟ್ ಕೂಡ ಸ್ಟೀವನ್ಸ್‌ಗೆ ಹೊಸ ಕರಾರು ಇಲ್ಲ ಅಂದಿತ್ತು. ಹೆಡಿಂಗ್ಲಿಯ ಆ ಆಟವೇ ಮನಸ್ಸು ಬದಲಿಸಿದ್ದು. 2022ರಲ್ಲಿ ಕಳಿಸಿಯೇ ಬಿಟ್ಟರು. ಹೋಗುವ ಮುಂಚೆ, 46ನೇ ವಯಸ್ಸಿನಲ್ಲಿ, ಒಂದು ದಿನದ ಕಪ್‌ನ ಸೆಮಿಫೈನಲ್‌ನಲ್ಲಿ ಹ್ಯಾಂಪ್‌ಶೈರ್ ಮೇಲೆ ಔಟಾಗದೆ 84 ಹೊಡೆದು ತಂಡವನ್ನು ಫೈನಲ್‌ಗೆ ಮುಟ್ಟಿಸಿದರು. ಕೆಂಟ್ ಕಪ್ ಗೆದ್ದಿತು. ಇಲ್ಲಿನ ಒದ್ದೆ ಪಿಚ್ ಇಲ್ಲದಿದ್ದರೆ ಆ ಬೌಲಿಂಗ್ ಇಷ್ಟು ವರ್ಷ ನಡೆಯುತ್ತಿರಲಿಲ್ಲ ಅನ್ನುವುದೂ ನಿಜ. ಹುಬ್ಬಳ್ಳಿಯ ಬಿಸಿಲಲ್ಲಿ ಅದೇ ಚೆಂಡು ನೇರ ಬೌಂಡರಿಗೆ ಹೋದೀತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಇಲ್ಲಿ ಹದಿನೆಂಟು ಪ್ರಥಮ ದರ್ಜೆ ಕೌಂಟಿ ತಂಡಗಳಿವೆ. ನಮ್ಮ ಇಡೀ ರಾಜ್ಯಕ್ಕೆ ಒಂದೇ ರಣಜಿ ತಂಡ. ತಮ್ಮನ ಮಗನಿಗೆ ಈಗ ಹತ್ತೊಂಬತ್ತು. ಬೆಳಿಗ್ಗೆ ಐದಕ್ಕೆ ಎದ್ದು ನೆಟ್ಸ್‌ಗೆ ಹೋಗುತ್ತಾನೆ. ಅವನೂ ಆಲ್‌ರೌಂಡರ್. ಹಿರಿಯರೊಬ್ಬರು ಇನ್ನೆರಡು ವರ್ಷ ಕೂತರೆ ಅವನಂಥವರ ಎರಡು ವರ್ಷ ಹೋಗುತ್ತದೆ. ತಮ್ಮ ಆ ದಿನ ಫೋನಿನಲ್ಲಿ ಸಿಟ್ಟಾಗಿದ್ದು ಜಡೇಜಾ ಮೇಲೆ ಅಲ್ಲ ಅಂತ ನನಗೆ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಮ್ಯಾಂಚೆಸ್ಟರ್‌ನಲ್ಲಿ ಜಡೇಜಾ ಔಟಾಗದೆ 107 ಹೊಡೆದು ಟೆಸ್ಟ್ ಉಳಿಸಿದಾಗ ನಾನು ಅವನಿಗೆ ಫೋನ್ ಮಾಡಿ ಚುಚ್ಚಲಿಲ್ಲ. ಹುಡುಗನ ಆಟ ಹೇಗಿದೆ ಅಂತ ಕೇಳಿದೆ.

ಆದರೂ ಬಿನ್ನಿ ವಿಷಯದಲ್ಲಿ ನಾನು ಸೋಲೊಪ್ಪಲಾರೆ. 2021ರಲ್ಲಿ ನಿವೃತ್ತಿ ಹೇಳಿದರು. ಆ ಎರಡು ವರ್ಷ ಚಿನ್ನಸ್ವಾಮಿಯಲ್ಲೇ ಆಡಬೇಕಿತ್ತು.