ಪಗಾರ ಸಾವಿರ ಏರಿದ್ದಕ್ಕೆ ಮನೆ ಮಂದಿಯ ಚಿಕಿತ್ಸೆ ನಿಲ್ಲಬೇಕೇನು?

ಏಪ್ರಿಲ್ ಹತ್ತಿರ ಬಂದರೆ ಹುಬ್ಬಳ್ಳಿ-ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶದಲ್ಲೆಲ್ಲ ಪಗಾರ ಏರಿಕೆಯದೇ ಮಾತು. 20,500 ಇದ್ದದ್ದು 21,500 ಆಗುವ ಕಾರ್ಮಿಕ ಮೊದಲು ಕೇಳುವುದು, "ಇಎಸ್‌ಐ ಹೋಗ್ತದೇನ್ರಿ?"

ಹೋಗುತ್ತದೆ. ಇಎಸ್‌ಐ ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ತಿಂಗಳ ಪಗಾರ 21,000 ದಾಟಿದವರಿಗೆ ಇಲ್ಲ. 2017ರ ಜನವರಿಯಲ್ಲಿ 15,000ದಿಂದ ಏರಿಸಿದ ಮಿತಿ ಅದು. 20,500 ಪಗಾರಕ್ಕೆ ಕಾರ್ಮಿಕನಿಂದ ಮುರಿಯುವುದು ಶೇ 0.75, ಅಂದರೆ 154 ರೂಪಾಯಿ. ಮಾಲೀಕರದು ಶೇ 3.25. ಇಷ್ಟರಲ್ಲಿ ಹೆಂಡತಿ, ಮಕ್ಕಳು, ಅವನನ್ನೇ ನಂಬಿದ ಅಪ್ಪ-ಅವ್ವ ಎಲ್ಲರಿಗೂ ಚಿಕಿತ್ಸೆ. ಅವನೇ ಹಾಸಿಗೆ ಹಿಡಿದರೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ 70. ಏರಿದ್ದು ವರ್ಷಕ್ಕೆ 12,000. ಅಷ್ಟೇ ರಕ್ಷಣೆಯನ್ನು ಖಾಸಗಿ ವಿಮೆಯಲ್ಲಿ ಆ ದುಡ್ಡಿಗೆ ಕೊಳ್ಳಲು ಆಗುವುದಿಲ್ಲ. ಕೊಂಡರೂ ಅವ್ವನ ಸಕ್ಕರೆ ಕಾಯಿಲೆಯಂಥ ಹಳೆಯ ರೋಗಕ್ಕೆ ಮೂರು ವರ್ಷದವರೆಗೆ ಕಾಯಿಸಬಹುದು.

ಇಲ್ಲಿ ತಾರೀಖಿನ ವಿಷಯವೊಂದಿದೆ, ಬಹಳ ಮಂದಿಗೆ ಗೊತ್ತಿಲ್ಲ. ಇಎಸ್‌ಐ ವಂತಿಗೆಯ ಅವಧಿ ಎರಡು: ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್. ಅವಧಿ ಶುರುವಾದ ಮೇಲೆ ಪಗಾರ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೂ ಸದಸ್ಯತ್ವ ಉಳಿಯುತ್ತದೆ. ಏರಿಕೆ ಏಪ್ರಿಲ್ 1ರಿಂದಲೇ ಬಂದರೆ ಮಾರ್ಚ್‌ಗೇ ವಂತಿಗೆ ನಿಂತು, ಸೌಲಭ್ಯ ಡಿಸೆಂಬರ್‌ಗೆ ಮುಗಿಯುತ್ತದೆ. ಮೇ 1ರಿಂದ ಬಂದರೆ ಸೆಪ್ಟೆಂಬರ್‌ವರೆಗೆ ಪೂರ್ತಿ ಪಗಾರದ ಮೇಲೆ ವಂತಿಗೆ ಕಟ್ಟಿ, ಸೌಲಭ್ಯ ಮುಂದಿನ ವರ್ಷದ ಜೂನ್‌ವರೆಗೆ. ಒಂದು ತಿಂಗಳ ಏರಿಕೆ ಬಿಟ್ಟರೆ ಆರು ತಿಂಗಳ ರಕ್ಷಣೆ ಹೆಚ್ಚು ಸಿಗುತ್ತದೆ. ಎಚ್‌ಆರ್‌ನವರು ಮನಸ್ಸು ಮಾಡಿದರೆ ಆಗುವ ಕೆಲಸ. ಇನ್ನು ಮಿತಿ ದಾಟೀತೆಂದು ಓವರ್‌ಟೈಮ್ ಬೇಡ ಅನ್ನುವವರಿದ್ದಾರೆ. ಬೇಡ ಅನ್ನಬೇಡಿ, ಆ 21,000ದ ಲೆಕ್ಕಕ್ಕೆ ಓವರ್‌ಟೈಮ್ ದುಡ್ಡು ಬರುವುದಿಲ್ಲ.

ಬಿಪಿಎಲ್ ಕಾರ್ಡಿನ ಮಿತಿ ಇದಕ್ಕಿಂತ ಕಠಿಣ. ಮನೆಯ ವರ್ಷದ ಆದಾಯ 1.2 ಲಕ್ಷ, ಅಂದರೆ ತಿಂಗಳಿಗೆ 10,000. ಬಹುತೇಕ ಕೆಲಸಗಳಲ್ಲಿ ಸರ್ಕಾರವೇ ಗೊತ್ತು ಮಾಡಿದ ಕನಿಷ್ಠ ವೇತನ ಒಬ್ಬರಿಗೇ ಇದನ್ನು ದಾಟುತ್ತದೆ. ಇನ್ನೊಂದು ಕಡೆ, 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ. ತೆರಿಗೆ ಕಟ್ಟುವಷ್ಟು ಉಳ್ಳವರಲ್ಲ ಅಂತ ಒಪ್ಪಿಕೊಂಡ ಮಂದಿಯನ್ನೇ ಬಡವರಲ್ಲ ಅಂತ ಹೊರಗಿಡುವುದು ಯಾವ ನ್ಯಾಯ?

ಕಾರ್ಡು ಎಪಿಎಲ್ ಆದರೆ ದೊಡ್ಡ ಪೆಟ್ಟು ಅಕ್ಕಿಯದಲ್ಲ. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ) ಶೇ 30 ಮಾತ್ರ, ಅದೂ 1.5 ಲಕ್ಷದವರೆಗೆ. 2 ಲಕ್ಷದ ಶಸ್ತ್ರಚಿಕಿತ್ಸೆಯಾದರೆ 1.4 ಲಕ್ಷ ಕೈಯಿಂದ. ತಿಂಗಳಿಗೆ 500 ಏರಿ ಮಿತಿ ದಾಟಿದವನಿಗೆ ಅದು 23 ವರ್ಷದ ಏರಿಕೆ! ಅಕ್ಕಿಯದೂ ಸಣ್ಣದಲ್ಲ. 2023ರಲ್ಲಿ ಸರ್ಕಾರ ಅಕ್ಕಿ ಬದಲು ದುಡ್ಡು ಕೊಟ್ಟಾಗ ಹಿಡಿದದ್ದು ಕೆ.ಜಿ.ಗೆ 34 ರೂಪಾಯಿ. ಆ ಲೆಕ್ಕದಲ್ಲಿ ನಾಲ್ವರ ಮನೆಗೆ ಕೇಂದ್ರದ 20 ಕೆ.ಜಿ.ಯೇ ವರ್ಷಕ್ಕೆ 8,160. (ಕಾರ್ಡು ಎಪಿಎಲ್ ಆದ ಮಾತ್ರಕ್ಕೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ. ಅಲ್ಲಿ ನೋಡುವುದು ಗಂಡ-ಹೆಂಡತಿಯ ಆದಾಯ ತೆರಿಗೆ, ಜಿಎಸ್‌ಟಿ.)

ಈ ಅಂಜಿಕೆಯಿಂದಲೇ "ಚೀಟಿ ಬ್ಯಾಡ್ರಿ, ಪಗಾರ ಕೈಗೆ ಕೊಡ್ರಿ" ಅನ್ನುವ ಮಾತು ಹುಟ್ಟುವುದು. ಹಾಗೆ ಕೈಗೆ ಪಡೆದವರಿಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಮಷೀನಿಗೆ ಕೈ ಸಿಕ್ಕರೆ ಕೆಲಸಕ್ಕಿದ್ದ ದಾಖಲೆಯೂ ಇಲ್ಲ.

ಉಪಾಯ ನಮ್ಮ ಹೆಸ್ಕಾಂ ಬಿಲ್ಲಿನಲ್ಲೇ ಇದೆ. ಗೃಹಜ್ಯೋತಿಯಲ್ಲಿ 110 ಯೂನಿಟ್ ಅರ್ಹತೆ ಇದ್ದ ಮನೆ 150 ಉರಿಸಿದರೆ ಹೆಚ್ಚಿನ 40ಕ್ಕಷ್ಟೇ ದುಡ್ಡು. ಇದು ಸರಿಯಾದ ದಾರಿ. ಅದೇ ಮನೆ 201 ಉರಿಸಿದರೆ ಪೂರ್ತಿ ಬಿಲ್ಲು ತಲೆ ಮೇಲೆ. ಅದು ತಪ್ಪು.

ಆರೋಗ್ಯ ಕಾರ್ಡಿಗೂ ಈ ಎರಡರಲ್ಲಿ ಮೊದಲನೆಯ ದಾರಿಯೇ ಇರಲಿ. ಆದಾಯ 1.2 ಲಕ್ಷದವರೆಗೆ ಪೂರ್ತಿ ಉಚಿತ, 2 ಲಕ್ಷದವರೆಗೆ ಶೇ 80, 3 ಲಕ್ಷದವರೆಗೆ 60, 4 ಲಕ್ಷದವರೆಗೆ 45, ಆಮೇಲೆ ಈಗಿನ 30. ಮಿತಿ ದಾಟಿದ ಮೇಲೂ ಎರಡು ವರ್ಷ ಅಕ್ಕಿ ನಿಲ್ಲಬಾರದು; ಗುತ್ತಿಗೆ ಕೆಲಸ ಯಾವಾಗ ಹೋದೀತೋ ಹೇಳಲಾಗದು. 2024ರ ನವೆಂಬರ್‌ನಲ್ಲಿ ಕಾರ್ಡುಗಳನ್ನು ಏಕಾಏಕಿ ಎಪಿಎಲ್ ಮಾಡಿ, ಗದ್ದಲವಾದ ಮೇಲೆ ವಾಪಸ್ ಕೊಟ್ಟದ್ದನ್ನು ಎಲ್ಲರೂ ನೋಡಿದ್ದೇವೆ.

ಇಎಸ್‌ಐಗೆ ಪಿಎಫ್ ಮಾದರಿ ಸಾಕು. ಪಿಎಫ್‌ನಲ್ಲಿ ಒಮ್ಮೆ ಸದಸ್ಯನಾದವನು ಪಗಾರ 15,000 ದಾಟಿದರೂ ಸದಸ್ಯನಾಗಿಯೇ ಉಳಿಯುತ್ತಾನೆ, 15,000ದ ಮೇಲಷ್ಟೇ ವಂತಿಗೆ ಕಟ್ಟಬಹುದು. ಇಲ್ಲಿಯೂ ಪಗಾರ ಎಷ್ಟೇ ಆಗಲಿ, 21,000ದ ಮೇಲೆ ಕಾರ್ಮಿಕ 158, ಮಾಲೀಕ 683 ಕಟ್ಟಿ ಮುಂದುವರಿಯಲು ಬಿಡಲಿ. ಯೂನಿಯನ್‌ನವರು ಈ ಸಲದ ಬೇಡಿಕೆ ಪಟ್ಟಿಯಲ್ಲಿ ಪಗಾರದ ಕೆಳಗೇ ಇದನ್ನು ಬರೆಯಬೇಕು.