ಇಂದಿರಾ ಗಾಂಧಿ, ನರಸಿಂಹ ರಾವ್ ಮತ್ತು ರೂಪಾಯಿ

ಪ್ರಧಾನಿಗಳನ್ನು ಹೋಲಿಸುವಾಗ ಜನ ಯುದ್ಧ, ಭಾಷಣ, ವಿದೇಶ ಪ್ರವಾಸದ ಮಾತಾಡುತ್ತಾರೆ. ನಾನು ಮೊದಲು ನೋಡುವುದು ಬೇರೆ. ಅವರ ಕಾಲದಲ್ಲಿ ಖಜಾನೆ ಹೇಗಿತ್ತು? ಹೊರಗಿನವರು ಏನಾದರೂ ಕೇಳಿದರೆ ‘ಆಗಲ್ಲ’ ಅನ್ನುವ ಶಕ್ತಿ ನಮಗಿತ್ತಾ?

1966 ನೋಡಿ. ಇಂದಿರಾ ಗಾಂಧಿ ಪ್ರಧಾನಿಯಾಗಿ ಐದು ತಿಂಗಳೂ ಆಗಿರಲಿಲ್ಲ. ದೇಶದಲ್ಲಿ ಬರ. ಅಮೆರಿಕದಿಂದ ಪಿಎಲ್ 480 ಅನ್ನುವ ಆಹಾರ ನೆರವಿನ ಗೋಧಿ ಹಡಗಿನಲ್ಲಿ ಬಂದರೆ ಊಟ. ನಮ್ಮದು ರಾಗಿ ಉಣ್ಣುವ ಮನೆ. ರೇಷನ್ನಿನಲ್ಲಿ ಬಂದ ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ಅಜ್ಜಿ ನುಚ್ಚು ಒಡೆದು ಬೇಯಿಸುತ್ತಿದ್ದರಂತೆ. ಆ ವರ್ಷ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದರು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ವಿಶ್ವಬ್ಯಾಂಕ್, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ಅಮೆರಿಕ ಮೂರರ ಒತ್ತಡವೂ ಇತ್ತು. ಬದಲಿಗೆ ಬರಬೇಕಿದ್ದ ನೆರವು ಹೇಳಿದಷ್ಟು ಬರಲಿಲ್ಲ. ಕಾಂಗ್ರೆಸ್ ಅಧ್ಯಕ್ಷ ಕಾಮರಾಜ್ ಸೇರಿ ಸ್ವಂತ ಪಕ್ಷದವರೇ ತಿರುಗಿಬಿದ್ದರು. ಮುಂದಿನ ತಿಂಗಳು ಇಂದಿರಾ ಮಾಸ್ಕೋಗೆ ಹೋಗಿ, ವಿಯೆಟ್ನಾಂ ಮೇಲಿನ ಅಮೆರಿಕದ ಬಾಂಬ್ ದಾಳಿ ನಿಲ್ಲಲಿ ಎಂದರು. ಮೊದಲೇ ಅಳೆದು ಸುರಿದು ಗೋಧಿ ಬಿಡುತ್ತಿದ್ದ ಅಧ್ಯಕ್ಷ ಜಾನ್ಸನ್ ಕೈ ಇನ್ನೂ ಬಿಗಿ ಮಾಡಿದರು.

ಆ ಅವಮಾನದಿಂದ ಇಂದಿರಾ ಒಂದು ಪಾಠ ಚೆನ್ನಾಗಿ ಕಲಿತರು. ಅನ್ನಕ್ಕೆ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬಾರದು. 1965-66ರಲ್ಲಿ 7.2 ಕೋಟಿ ಟನ್ ಇದ್ದ ಆಹಾರ ಧಾನ್ಯ 1970-71ಕ್ಕೆ 10.8 ಕೋಟಿ ಟನ್ ಆಯಿತು. 1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧದ ಹೊತ್ತಿಗೆ, ಅಮೆರಿಕದ ಅಧ್ಯಕ್ಷ ನಿಕ್ಸನ್ ಬಂಗಾಳ ಕೊಲ್ಲಿಗೆ ಯುದ್ಧನೌಕೆ ಕಳಿಸಿದಾಗ ಅವರು ಬಗ್ಗಲಿಲ್ಲ. ಆ ಗಟ್ಟಿತನದ ಹಿಂದೆ ಆಗಸ್ಟಿನಲ್ಲಿ ಮಾಡಿಕೊಂಡ ಸೋವಿಯತ್ ಒಪ್ಪಂದ ಇತ್ತು, ತುಂಬಿದ ಕಣಜವೂ ಇತ್ತು.

ಆದರೆ ಹಣದ ಪಾಠವನ್ನು ತಪ್ಪಾಗಿ ಕಲಿತರು ಎಂಬುದು ನನ್ನ ದೂರು. ‘ಅಪಮೌಲ್ಯ’, ಅಂದರೆ ರೂಪಾಯಿ ಬೆಲೆ ಇಳಿಸುವುದು, ಅನ್ನುವ ಪದವೇ ರಾಜಕೀಯದಲ್ಲಿ ಅಪಶಕುನ ಆಗಿಬಿಟ್ಟಿತು. ಮುಂದಿನ ಸರ್ಕಾರಗಳೂ ಸದ್ದಿಲ್ಲದೆ ರೂಪಾಯಿಯನ್ನು ಜಾರಲು ಬಿಟ್ಟವು, ಜನರಿಗೆ ನೇರವಾಗಿ ಹೇಳಲಿಲ್ಲ. ಎಂಬತ್ತರ ದಶಕದಲ್ಲಿ ಸಾಲ ಮಾಡಿ ಖರ್ಚು ಮಾಡಿದೆವು. 1990ರಲ್ಲಿ ಕುವೈತ್ ಯುದ್ಧದಿಂದ ಎಣ್ಣೆ ಬೆಲೆ ಏರಿತು, ಅನಿವಾಸಿಗಳು ಡೆಪಾಸಿಟ್ ವಾಪಸ್ ತೆಗೆದರು. 1991ರ ಜನವರಿಯಲ್ಲಿ ಅಮೆರಿಕದ ಸೇನಾ ವಿಮಾನಗಳಿಗೆ ನಮ್ಮ ನೆಲದಲ್ಲಿ ಇಂಧನ ತುಂಬಿಸಿಕೊಳ್ಳಲು ಬಿಟ್ಟೆವು. ಅದೇ ತಿಂಗಳು ಐಎಂಎಫ್ ಸಾಲವೂ ಬಂತು. ಯಾವ ಬಣಕ್ಕೂ ಸೇರದ ಅಲಿಪ್ತ ನೀತಿಯ ದೇಶ ಅಲ್ವಾ ನಮ್ಮದು? ಕೈ ಖಾಲಿ ಇದ್ದಾಗ ನೀತಿ ಹೀಗೇ ಸಡಿಲ ಆಗುತ್ತದೆ.

ಇಲ್ಲಿ ಚಂದ್ರಶೇಖರ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇ ತಿಂಗಳಲ್ಲಿ, ಹಂಗಾಮಿ ಪ್ರಧಾನಿಯಾಗಿದ್ದಾಗ, 20 ಟನ್ ಚಿನ್ನ ಡಾಲರಿಗಾಗಿ ಸ್ವಿಸ್ ಬ್ಯಾಂಕಿಗೆ ಹೋಯಿತು. ಬೈಗುಳ ಪೂರ್ತಿ ಅವರಿಗೆ ಬಂತು. ದೇಶ ಸಾಲದ ಕಂತು ತಪ್ಪಿಸಲಿಲ್ಲ ಅನ್ನುವುದನ್ನು ಯಾರೂ ನೆನೆಯುವುದಿಲ್ಲ.

ಜೂನ್ 21ಕ್ಕೆ ನರಸಿಂಹ ರಾವ್ ಬಂದರು. ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ಡಾಲರ್ ಉಳಿದಿತ್ತು. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಇಳಿಸಿದರು. ಮೊದಲ ಕಂತಿಗೇ ಗಲಾಟೆ ಎದ್ದಾಗ ರಾವ್ ಅವರಿಗೂ 1966ರ ಭಯ ಹುಟ್ಟಿತು, ಎರಡನೆಯದನ್ನು ನಿಲ್ಲಿಸಿ ಎಂದರು. ಹಣಕಾಸು ಮಂತ್ರಿ ಮನಮೋಹನ್ ಸಿಂಗ್ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ರಂಗರಾಜನ್ ಅವರಿಗೆ ಫೋನ್ ಮಾಡುವಷ್ಟರಲ್ಲಿ ಅದು ಜಾರಿಯಾಗಿತ್ತು. ಆಮೇಲೆ ರಾವ್ ಹಿಂದೆ ಸರಿಯಲಿಲ್ಲ. ಅದೇ ತಿಂಗಳು ಸುಮಾರು 47 ಟನ್ ಚಿನ್ನ ವಿಮಾನದಲ್ಲಿ ಲಂಡನ್ನಿಗೆ ಅಡವಾಗಿ ಹೋಯಿತು. ಬಿತ್ತನೆ ಕಾಲಕ್ಕೆ ಬಳೆ ಅಡ ಇಟ್ಟ ಮನೆಗಳಿಗೆ ಆ ಸಂಕಟ ವಿವರಿಸಬೇಕಾಗಿಲ್ಲ. ವರ್ಷ ಮುಗಿಯುವುದರೊಳಗೆ ಸಾಲ ತೀರಿಸಿ ಬಿಡಿಸಿಕೊಂಡರು.

ರಾವ್ ಅವರ ವಿದೇಶಾಂಗ ನೀತಿ ಆಮೇಲೆ ಹರಡಿತು. ಸೋವಿಯತ್ ಒಕ್ಕೂಟ ಕಣ್ಣೆದುರೇ ಕುಸಿದಿತ್ತು. 1992ರ ಜನವರಿಯಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ, ಪೂರ್ವದ ದೇಶಗಳ ಕಡೆ ಮುಖ, 1993ರಲ್ಲಿ ಚೀನಾ ಗಡಿಯ ಶಾಂತಿ ಒಪ್ಪಂದ. 1994ರಲ್ಲಿ ಜಿನೀವಾದ ವಿಶ್ವಸಂಸ್ಥೆ ಮಾನವ ಹಕ್ಕು ಸಭೆಯಲ್ಲಿ ಕಾಶ್ಮೀರದ ವಿಷಯ ಬಂದಾಗ ನಿಯೋಗದ ಮುಂದಾಳತ್ವವನ್ನು ವಿರೋಧ ಪಕ್ಷದ ವಾಜಪೇಯಿ ಅವರಿಗೇ ಕೊಟ್ಟರು. ಇಂಥ ದೊಡ್ಡತನ ಈಗ ಕಾಣುವುದು ಅಪರೂಪ.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಯಾರೂ ಮಾತಾಡದ ಒಂದು ಕೆಲಸ. 1955ರಿಂದ ಸರ್ಕಾರಕ್ಕೆ ಹಣ ಕಮ್ಮಿ ಬಿದ್ದರೆ ಅಡ್‌ಹಾಕ್ ಟ್ರೆಷರಿ ಬಿಲ್ ಅನ್ನುವ ಕಾಗದವನ್ನು ರಿಸರ್ವ್ ಬ್ಯಾಂಕಿಗೆ ಕೊಡುತ್ತಿತ್ತು, ಬ್ಯಾಂಕು ಹಣ ಕೊಡುತ್ತಿತ್ತು. ಸಂಸತ್ತನ್ನು ಕೇಳಬೇಕಿರಲಿಲ್ಲ. ಹೊಸ ನೋಟು ಸೇರಿದಷ್ಟೂ ಬೆಲೆ ಏರುತ್ತಿತ್ತು, ಕೂಲಿಯವನ ಜೇಬಿನ ಹತ್ತು ರೂಪಾಯಿ ಸವೆಯುತ್ತಿತ್ತು. 1994ರ ಸೆಪ್ಟೆಂಬರಿನಲ್ಲಿ ರಾವ್ ಸರ್ಕಾರ ಇದಕ್ಕೆ ಮಿತಿ ಹಾಕುವ ಒಪ್ಪಂದಕ್ಕೆ ಸಹಿ ಹಾಕಿತು. 1997ರ ಏಪ್ರಿಲ್‌ನಿಂದ ಆ ಪದ್ಧತಿ ಪೂರ್ತಿ ನಿಂತಿತು. ಆಗ ಪ್ರಧಾನಿ ನಮ್ಮ ಹಾಸನದ ದೇವೇಗೌಡರು.

ಅದಕ್ಕೇ ನನ್ನ ಲೆಕ್ಕದಲ್ಲಿ ಧೈರ್ಯಕ್ಕೆ ಇಂದಿರಾ ಮುಂದೆ, ಖಜಾನೆ ಮತ್ತು ವಿದೇಶಾಂಗ ಎರಡನ್ನೂ ಒಟ್ಟಿಗೆ ನೋಡಿದ್ದಕ್ಕೆ ರಾವ್ ಮುಂದೆ. ಒಪ್ಪದವರು ಸುಮ್ನೆ ಬೈಯಬೇಡಿ, ಕಾರಣ ಕೊಡಿ. ಮನೆಯಲ್ಲಿ 1966ರ ಆ ಗೋಧಿ ನೆನಪಿರುವ ಹಿರಿಯರಿದ್ದರೆ ಅವರನ್ನು ಕೇಳಿ, ಏನು ಅಡುಗೆ ಮಾಡುತ್ತಿದ್ದರೆಂದು ಇಲ್ಲಿ ಬರೆಯಿರಿ.